ಜರ್ಮನಿಗೆ ಹೋದರೆ ಸ್ಲೋ ಗಾಡಿ ಹತ್ತಿ: ಡೊಂಬಿವಲಿಯಿಂದ ಒಂದು ವಾರದ ರೈಲು ತಿರುಗಾಟದ ತಯಾರಿ

ನಮ್ಮ ಡೊಂಬಿವಲಿ, ಕಲ್ಯಾಣ ಕಡೆಯ ಕನ್ನಡದ ಮಂದಿ ಜರ್ಮನಿಗೆ ಹೊರಟರೆ ಮೊದಲು ವಿಚಾರಿಸುವುದು ಮುನ್ನೂರು ಕಿಲೋಮೀಟರ್ ವೇಗದ ಐಸಿಇ ಗಾಡಿಯನ್ನು. ಸೆಂಟ್ರಲ್ ರೈಲ್ವೆಯಲ್ಲಿ ಓಎಚ್‌ಇ ಅಂದರೆ ಗಾಡಿಗೆ ಮೇಲಿನಿಂದ ಕರೆಂಟು ಕೊಡುವ ತಂತಿಯ ಕೆಲಸದಲ್ಲೇ ಕೂದಲು ಹಣ್ಣಾದವನು ಅಂತ ನನ್ನ ಹತ್ತಿರ ಬರುತ್ತಾರೆ. ಎಲ್ಲರಿಗೂ ನಾನು ಕೊಡುವ ಉತ್ತರ ಒಂದೇ: ಊರು ಮುಟ್ಟಬೇಕಾದರೆ ಫಾಸ್ಟ್, ಊರು ನೋಡಬೇಕಾದರೆ ಸ್ಲೋ. ಫ್ರಾಂಕ್‌ಫರ್ಟ್‌ನಿಂದ ಕಲೋನ್‌ಗೆ 2002ರಲ್ಲಿ ಶುರುವಾದ ಹೈಸ್ಪೀಡ್ ಮಾರ್ಗ ಹೆದ್ದಾರಿಯ ಮಗ್ಗುಲಲ್ಲೇ ಓಡುತ್ತದೆ. ಸುರಂಗ, ತಡೆಗೋಡೆ, ಮತ್ತೆ ಸುರಂಗ. ರೈನ್ ನದಿಯ ಚೆಂದದ ಕಣಿವೆ ಆ ಗಾಡಿಯವರ ಪಾಲಿಗೆ ಇಲ್ಲವೇ ಇಲ್ಲ. ಆ ಕಣಿವೆಗೆ ಹಳೆಯ ಹಳಿಗಳಿವೆ, ನದಿಯ ಎರಡೂ ದಂಡೆಗೆ ಒಂದೊಂದು. ಅದರ ಮೇಲೆ ಊರೂರಿಗೂ ನಿಲ್ಲುತ್ತ ಹೋಗುವ ಗಾಡಿಗಳಿವೆ. ನಮಗೆ ಬೇಕಾದದ್ದು ಅವೇ.

ಕೈಯಲ್ಲಿ ಒಂದು ವಾರ ಇದ್ದರೆ ಬರ್ಲಿನ್, ಮ್ಯೂನಿಕ್, ಹ್ಯಾಂಬರ್ಗ್ ಅಂತ ಪಟ್ಟಿ ಬರೆಯುವುದನ್ನು ನಿಲ್ಲಿಸಿ. ಎರಡು ಊರು ಹಿಡಿಯಿರಿ: ಮೂರು ರಾತ್ರಿ ರೈನ್ ದಂಡೆಯ ಮೈನ್ಜ್, ಮೂರು ರಾತ್ರಿ ಕಪ್ಪು ಕಾಡಿನ (ಬ್ಲ್ಯಾಕ್ ಫಾರೆಸ್ಟ್) ಅಂಚಿನ ಫ್ರೈಬುರ್ಗ್. ಸೂಟ್‌ಕೇಸು ರೂಮಿನಲ್ಲಿ ಬಿದ್ದಿರಲಿ. ದಿನಾ ಬೆಳಿಗ್ಗೆ ಬರಿಗೈಲಿ ಹೊರಡುವುದು, ಸಂಜೆ ಅಲ್ಲಿಗೇ ವಾಪಸು. ದಿನಕ್ಕೊಂದು ಹೋಟೆಲು ಬದಲಿಸುತ್ತ ಪೆಟ್ಟಿಗೆ ಎಳೆದಾಡುವವರನ್ನು ಅಲ್ಲಿಯ ಪ್ಲಾಟ್‌ಫಾರ್ಮ್‌ಗಳಲ್ಲಿ ನೋಡಿದ್ದೇನೆ. ಅವರಲ್ಲಿ ಅರ್ಧ ಮಂದಿ ನಮ್ಮ ದೇಶದವರೇ.

ಮೊದಲು ಕಾಗದಪತ್ರ. ವೀಸಾ ಶೆಂಗೆನ್‌ದು, ಕೊಡುವುದು ಮುಂಬಯಿಯ ಜರ್ಮನ್ ಕಾನ್ಸುಲೇಟು, ಅರ್ಜಿ ತೆಗೆದುಕೊಳ್ಳುವುದು ವಿಎಫ್‌ಎಸ್ ಕೇಂದ್ರ. ಹೊರಡುವ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಕೊನೆಯ ಹದಿನೈದು ದಿನದೊಳಗೆ ಹಾಕುವ ಹಾಗಿಲ್ಲ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯುರೋ, ಅದರ ಮೇಲೆ ಕೇಂದ್ರದವರ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯುರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟಿಗೇ ಪರದಾಟ, ಆದ್ದರಿಂದ ಮೇ ತಿಂಗಳಿಗೆ ಹೊರಡುವವರು ಸಂಕ್ರಾಂತಿ ಮುಗಿದ ಕೂಡಲೇ ಎದ್ದೇಳಿ. ವೀಸಾ ಕೈಗೆ ಬರುವ ಮೊದಲು, ರದ್ದು ಮಾಡಿದರೆ ದುಡ್ಡು ವಾಪಸು ಬಾರದ ರೈಲು ಟಿಕೆಟನ್ನು ಮಾತ್ರ ತೆಗೆಯಬೇಡಿ.

ಯಾವಾಗ ಹೋಗಬೇಕು? ಮೇ ನಡುವಿನಿಂದ ಜೂನ್ ಕೊನೆ, ಇಲ್ಲವೇ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕಿರುತ್ತದೆ. ಇದು ರೈಲಿನಲ್ಲಿ ಕಿಟಕಿಗೆ ಕೂರುವವನಿಗೆ ದೊಡ್ಡ ಲಾಭ. ಊಟ ಮುಗಿಸಿ ಹೊರಟರೂ ಕಣಿವೆ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು, ಆ ಇಳಿಜಾರು ತೋಟಗಳಲ್ಲಿ ಜನ ಓಡಾಡುವುದು ಕಿಟಕಿಯಿಂದಲೇ ಕಾಣುತ್ತದೆ. ಮುಂಬಯಿಯಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಪುಣೆಯವರೂ ಇಲ್ಲಿಗೇ ಬಂದು ಹತ್ತುವುದು ಸಲೀಸು.

ಈಗ ಟಿಕೆಟು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ.

ಡಾಯ್ಚ್‌ಲಾಂಡ್‌ಟಿಕೆಟ್ ಅಂತ ಒಂದು ತಿಂಗಳ ಪಾಸು ಇದೆ. ನಮ್ಮ ಲೋಕಲ್ ಪಾಸು ಇದೆಯಲ್ಲ, ಅದು ಇಡೀ ದೇಶಕ್ಕೆ ನಡೆದರೆ ಹೇಗೋ ಹಾಗೆ. 2023ರ ಮೇ ತಿಂಗಳಲ್ಲಿ 49 ಯುರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಸ್ಥಳೀಯ ಗಾಡಿ, ಎಸ್-ಬಾನ್ (ಅಲ್ಲಿಯ ಲೋಕಲ್), ಮೆಟ್ರೋ, ಟ್ರಾಮ್, ಸಿಟಿ ಬಸ್ಸು ಎಲ್ಲಕ್ಕೂ ನಡೆಯುತ್ತದೆ. ಐಸಿಇ, ಐಸಿ, ಇಸಿ ಅನ್ನುವ ದೂರದ ಗಾಡಿಗಳಿಗೆ ನಡೆಯುವುದಿಲ್ಲ. ನಾನು ಹೇಳುವ ಇಡೀ ತಿರುಗಾಟ ಇದೊಂದರಲ್ಲೇ ಆಗುತ್ತದೆ. ಆದರೆ ಎರಡು ಕಡೆ ಕಾಲು ತೊಡರುತ್ತದೆ. ಒಂದು, ಅದು ಕ್ಯಾಲೆಂಡರ್ ತಿಂಗಳ ಲೆಕ್ಕ. 28ಕ್ಕೆ ಇಳಿದು 4ಕ್ಕೆ ಹೊರಡುವವರು ಎರಡು ತಿಂಗಳಿಗೆ ತೆರಬೇಕಾಗುತ್ತದೆ. ಎರಡು, ಅದು ಚಂದಾ. ತಾನೇ ನಿಲ್ಲುವುದಿಲ್ಲ, ನೀವೇ ನಿಲ್ಲಿಸಬೇಕು. ಸಾಮಾನ್ಯ ನಿಯಮದ ಪ್ರಕಾರ ತಿಂಗಳ 10ರೊಳಗೆ ರದ್ದು ಮಾಡಿದರೆ ಆ ತಿಂಗಳ ಕೊನೆಗೆ ನಿಲ್ಲುತ್ತದೆ, ತಡವಾದರೆ ಮುಂದಿನ ತಿಂಗಳದ್ದೂ ಕಾರ್ಡಿನಿಂದ ಕತ್ತರಿಸಿಕೊಳ್ಳುತ್ತಾರೆ. ಹಾಗಾಗಿ ತಿಂಗಳ ಮೊದಲ ವಾರದಲ್ಲಿ ತಿರುಗಾಟ ಇಟ್ಟುಕೊಳ್ಳಿ, ಟಿಕೆಟು ಕೊಂಡ ದಿನವೇ ರದ್ದಿನ ಗುಂಡಿಯನ್ನೂ ಒತ್ತಿಬಿಡಿ. ಪಾಸು ತಿಂಗಳ ಕೊನೆಯವರೆಗೆ ನಡೆದೇ ನಡೆಯುತ್ತದೆ. ಪಾಸು ಒಬ್ಬರ ಹೆಸರಿಗೇ, ಫೋನಿನಲ್ಲೇ ಇರುತ್ತದೆ. ಜೊತೆಗೆ ಪಾಸ್‌ಪೋರ್ಟು ಜೇಬಿನಲ್ಲಿರಲಿ.

ನಾಲ್ಕೈದು ಜನ ಕೂಡಿ ಹೋಗುವವರು, ಅದರಲ್ಲೂ ತಿರುಗುವುದು ಎರಡೇ ದಿನ ಅನ್ನುವವರು, ರಾಜ್ಯದ ದಿನದ ಟಿಕೆಟು ನೋಡಿ: ರೈನ್‌ಲಾಂಡ್-ಫಾಲ್ಟ್ಸ್ ಟಿಕೆಟು, ಬಾಡೆನ್-ವ್ಯುರ್ಟೆಂಬೆರ್ಗ್ ಟಿಕೆಟು. ಒಂದರಲ್ಲಿ ಐದು ಜನರ ತನಕ ಹೋಗಬಹುದು, ಜನ ಹೆಚ್ಚಿದಷ್ಟೂ ತಲೆಗೆ ಬೀಳುವ ದರ ಇಳಿಯುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆಯೇ ಶುರು, ಶನಿವಾರ ಭಾನುವಾರ ಆ ನಿರ್ಬಂಧ ಇಲ್ಲ. ಯುರೋಪಿನ ಹೊರಗಿನವರಿಗೆ ಜರ್ಮನ್ ರೈಲ್ ಪಾಸ್ ಅಂತಲೂ ಮಾರುತ್ತಾರೆ. ಸ್ಲೋ ಗಾಡಿಯ ತಿರುಗಾಟಕ್ಕೆ ಅದು ಹೆಚ್ಚಿನ ಖರ್ಚು, ಏಜೆಂಟರು ಹೇಳಿದರೂ ಬೇಡ.

ಮೈನ್ಜ್‌ನಿಂದ ಫ್ರೈಬುರ್ಗ್‌ಗೆ ಹೋಗುವ ದಿನ ಒಂದೇ ನಾನು ಫಾಸ್ಟ್ ಗಾಡಿಗೆ ಒಪ್ಪುವುದು. ಪಾಸಿನಲ್ಲೇ ಸ್ಥಳೀಯ ಗಾಡಿ ಬದಲಿಸುತ್ತ ಹೋಗಬಹುದು. ಆದರೆ ಅದು ಬಯಲು ಸೀಮೆ, ನೋಡುವುದೇನೂ ಇಲ್ಲ, ಪೆಟ್ಟಿಗೆ ಬೇರೆ ಇರುತ್ತದೆ. ಐಸಿಇಗೆ ಮುಂಚಿತವಾಗಿ ಸೂಪರ್ ಸ್ಪಾರ್‌ಪ್ರೈಸ್ ತೆಗೆದರೆ ಅಗ್ಗ. ಅದು ಆ ಒಂದೇ ಗಾಡಿಗೆ ಕಟ್ಟಿದ ಟಿಕೆಟು, ರದ್ದು ಮಾಡಿದರೆ ದುಡ್ಡು ಹೋಯಿತು. ಸೀಟು ರಿಸರ್ವೇಶನ್ ಟಿಕೆಟಿನಲ್ಲಿ ಸೇರಿಲ್ಲ, ಎರಡನೇ ದರ್ಜೆಗೆ ಐದೂವರೆ ಯುರೋ ಆಸುಪಾಸು ಬೇರೆ ಕೊಡಬೇಕು. ಕೊಡಿ, ವಯಸ್ಸಾದವರಿದ್ದರೆ ಖಂಡಿತ ಕೊಡಿ. ಇಲ್ಲದಿದ್ದರೆ ಟಿಕೆಟು ಇದ್ದೂ ನಿಂತೇ ಹೋಗುವ ಪ್ರಸಂಗ ಬರುತ್ತದೆ. ಸ್ಲೋ ಗಾಡಿಗಳಿಗೆ ರಿಸರ್ವೇಶನ್ನೇ ಇಲ್ಲ, ಸಿಕ್ಕಲ್ಲಿ ಕೂರುವುದು.

ಜರ್ಮನ್ ರೈಲು ಗಡಿಯಾರ ನೋಡಿ ಓಡುತ್ತದೆ ಅನ್ನುವ ಮಾತು ಇದೆಯಲ್ಲ, ಅದನ್ನು ಇಲ್ಲೇ ಬಿಟ್ಟು ಹೋಗಿ. 2024ರಲ್ಲಿ ಅಲ್ಲಿಯ ದೂರದ ಗಾಡಿಗಳಲ್ಲಿ ಶೇಕಡಾ 62.5ರಷ್ಟು ಮಾತ್ರ ಸಮಯಕ್ಕೆ ಸರಿಯಾಗಿದ್ದವು. ಆರು ನಿಮಿಷದೊಳಗಿನ ತಡವನ್ನು ಅವರು ತಡ ಅಂತ ಎಣಿಸುವುದೂ ಇಲ್ಲ. ಹಳಿಯ ಕೆಲಸಕ್ಕೆ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಕೂಡ ಇದೆ! ನಮ್ಮದು ಭಾನುವಾರದ ಕೆಲವು ತಾಸು, ಅವರದು ತಿಂಗಳುಗಟ್ಟಲೆ. ಫ್ರಾಂಕ್‌ಫರ್ಟ್–ಮಾನ್‌ಹೈಮ್ ನಡುವಿನ ರೀಡ್‌ಬಾನ್ ಮಾರ್ಗವನ್ನು 2024ರ ಜುಲೈಯಿಂದ ಡಿಸೆಂಬರ್ ತನಕ ಪೂರ್ತಿ ಮುಚ್ಚಿ ಹಳಿ, ತಂತಿ, ಸಿಗ್ನಲ್ ಎಲ್ಲ ಹೊಸದು ಹಾಕಿದರು. ಇಡೀ ಮಾರ್ಗ ಒಟ್ಟಿಗೆ ಕೈಗೆ ಸಿಕ್ಕರೆ ಕೆಲಸ ಎಷ್ಟು ನೀಟಾಗಿ ಆಗುತ್ತದೆ ಅಂತ ನನ್ನಂಥವನಿಗೆ ಹೊಟ್ಟೆಕಿಚ್ಚೇ ಆಯಿತು. ಪ್ರಯಾಣಿಕರಿಗೆ ಮಾತ್ರ ಅದು ಬಸ್ಸಿನ ಪಾಡು. ಒಂದೊಂದಾಗಿ ಬೇರೆ ಮಾರ್ಗಗಳಿಗೂ ಇದೇ ಸರದಿ ನಡೆದಿದೆ, ರೈನ್ ದಂಡೆಯದ್ದೂ ಆ ಪಟ್ಟಿಯಲ್ಲಿದೆ. ಆದ್ದರಿಂದ ಹೋಟೆಲು ಕಾಯ್ದಿರಿಸುವ ಮೊದಲು ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ನಿಮ್ಮ ತಾರೀಖು ಹಾಕಿ ನೋಡಿ. ಗಾಡಿಯ ಬದಲು ಬಸ್ಸಿನ ಚಿತ್ರವೋ ಎಸ್‌ಇವಿ ಎಂಬ ಮೂರಕ್ಷರವೋ ಕಂಡರೆ ಆ ದಿನ ಅಲ್ಲಿ ಬ್ಲಾಕ್ ಅಂತಲೇ ತಿಳಿಯಿರಿ.

ಅದೇ ಆ್ಯಪ್‌ನಲ್ಲಿ ಗಾಡಿ ಬದಲಿಸುವ ಸಮಯ ಇಷ್ಟಾದರೂ ಇರಲಿ ಅಂತ ಹೇಳುವ ಆಯ್ಕೆ ಇದೆ. ಹದಿನೈದು ನಿಮಿಷ ಇಡಿ. ಇಲ್ಲದಿದ್ದರೆ ಐದಾರು ನಿಮಿಷದಲ್ಲಿ ಮೆಟ್ಟಿಲಿಳಿದು, ಮೆಟ್ಟಿಲೇರಿ, ಇನ್ನೊಂದು ಪ್ಲಾಟ್‌ಫಾರ್ಮ್ ಮುಟ್ಟಿ ಅನ್ನುತ್ತದೆ. ದಾದರ್ ಸೇತುವೆಯ ಮೇಲೆ ಓಡಿ ಅಭ್ಯಾಸವಿರುವವರಿಗೆ ಅದು ಆಟ, ಮನೆಯ ಹಿರಿಯರಿಗೆ ಅಲ್ಲ. ತಡದಿಂದ ಮುಟ್ಟುವ ಊರಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ವಿಳಂಬ ಆಗುತ್ತದೆ ಅಂತ ಕಂಡರೆ, ಒಂದೇ ಗಾಡಿಗೆ ಕಟ್ಟಿದ ಆ ಅಗ್ಗದ ಟಿಕೆಟಿನ ಕಟ್ಟು ಬಿಚ್ಚುತ್ತದೆ, ಬೇರೆ ಗಾಡಿ ಹತ್ತಬಹುದು. ಒಂದು ತಾಸು ತಡವಾದರೆ ಟಿಕೆಟಿನ ಕಾಲು ಭಾಗ, ಎರಡು ತಾಸಾದರೆ ಅರ್ಧ ವಾಪಸು ಕೇಳಬಹುದು. ನಾಚಿಕೆ ಬೇಡ, ಅಲ್ಲಿಯವರೇ ಕೇಳುತ್ತಾರೆ.

ಇನ್ನು ರೈನ್ ಕಣಿವೆ. ವಿಮಾನ ನಿಲ್ದಾಣದಲ್ಲಿ ಎರಡು ರೈಲು ಸ್ಟೇಷನ್ ಇವೆ. ದೂರದ ಗಾಡಿಯದ್ದು ಬೇಡ, ಸ್ಥಳೀಯ ಗಾಡಿಯದ್ದಕ್ಕೆ ಇಳಿಯಿರಿ. ಎಸ್8 ಹತ್ತಿದರೆ ಅರ್ಧ ತಾಸಿನಲ್ಲಿ ಮೈನ್ಜ್. ಗೇಟು ಇಲ್ಲ, ಟಿಕೆಟು ತೋರಿಸಿ ಒಳಗೆ ಹೋಗುವುದಿಲ್ಲ. ಗಾಡಿಯೊಳಗೆ ಚೆಕ್ಕಿಂಗ್, ಟಿಕೆಟು ಇಲ್ಲದಿದ್ದರೆ 60 ಯುರೋ ದಂಡ. ಬಾಗಿಲು ತಾನಾಗಿ ತೆರೆಯುತ್ತದೆ ಅಂತ ಕಾಯುತ್ತ ನಿಲ್ಲಬೇಡಿ, ಗುಂಡಿ ಒತ್ತಿ.

ಬಿಂಗೆನ್‌ನಿಂದ ಕೋಬ್ಲೆನ್ಜ್ ತನಕದ ಸುಮಾರು 65 ಕಿಲೋಮೀಟರ್ ಕಣಿವೆಯನ್ನು ಯುನೆಸ್ಕೋ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೈನ್ಜ್ ದಾಟಿದ ಮೇಲೆ ಕೋಬ್ಲೆನ್ಜ್ ಬರುವವರೆಗೆ ನದಿಗೆ ಒಂದೂ ಸೇತುವೆ ಇಲ್ಲ, ದಾಟಲು ದೋಣಿಯೇ ಗತಿ. ಇದನ್ನೇ ಉಪಯೋಗಿಸಿಕೊಂಡು ಒಂದು ಸುತ್ತು ಕಟ್ಟಿ. ಬೆಳಿಗ್ಗೆ ಮೈನ್ಜ್‌ನಿಂದ ಎಡದಂಡೆಯ ಆರ್‌ಬಿ26 ಹತ್ತಿ ಬಾಖಾರಾಖ್‌ನಲ್ಲಿ ಇಳಿಯಿರಿ. ಆ ಗಾಡಿ ಎಲ್ಲ ಕಡೆ ನಿಲ್ಲುತ್ತದೆ, ಆರ್‌ಇ2 ಕೆಲವು ಕಡೆ ಮಾತ್ರ. ಮರದ ಚೌಕಟ್ಟಿನ ನಡುವೆ ಗೋಡೆ ತುಂಬಿದ ಮನೆಗಳ ಊರು ಅದು, ಮೇಲೆ ಸ್ಟಾಲೆಕ್ ಕೋಟೆ. ಆ ಕೋಟೆ ಈಗ ಯೂತ್ ಹಾಸ್ಟೆಲ್, ಬೇಕಾದವರು ಅಲ್ಲೇ ತಂಗಬಹುದು. ಏರಿ ಹೋಗಲು ಮಾತ್ರ ಮೊಣಕಾಲು ಗಟ್ಟಿ ಇರಬೇಕು. ಮುಂದಿನ ಓಬರ್‌ವೇಸೆಲ್‌ನಲ್ಲಿ ಊರ ಗೋಡೆ, ಬುರುಜು ಇನ್ನೂ ನಿಂತಿವೆ, ಗೋಡೆಯ ಮೇಲೆಯೇ ನಡೆಯಬಹುದು. ಆಮೇಲೆ ಸಾಂಕ್ಟ್ ಗೋಆರ್. ಇಲ್ಲಿ ದೋಣಿ ಹತ್ತಿ ಆಚೆ ದಡದ ಸಾಂಕ್ಟ್ ಗೋಆರ್ಸ್‌ಹೌಸೆನ್‌ಗೆ ದಾಟಿ. ಕಾರು, ಸೈಕಲ್ಲು, ಮನುಷ್ಯರು ಎಲ್ಲ ಒಂದೇ ದೋಣಿಯಲ್ಲಿ, ಕೆಲವೇ ನಿಮಿಷದ ದಾರಿ. ಅಲ್ಲಿಂದ ಬಲದಂಡೆಯ ಆರ್‌ಬಿ10 ಹಿಡಿದರೆ ಕೌಬ್, ರ್‍ಯೂಡೆಸ್‌ಹೈಮ್ ಮೇಲಾಗಿ ವೀಸ್‌ಬಾಡೆನ್, ಅಲ್ಲಿಂದ ಮೈನ್ಜ್ ಪಕ್ಕದಲ್ಲೇ.

ಕೂರುವ ಕಡೆ ಕೇಳಿಸಿಕೊಳ್ಳಿ: ಹೋಗುವಾಗಲೂ ಬಲಗಡೆ ಕಿಟಕಿ, ಬರುವಾಗಲೂ ಬಲಗಡೆ ಕಿಟಕಿ. ಉತ್ತರಕ್ಕೆ ಎಡದಂಡೆಯಲ್ಲಿ, ದಕ್ಷಿಣಕ್ಕೆ ಬಲದಂಡೆಯಲ್ಲಿ ಬರುವುದರಿಂದ ನದಿ ಎರಡೂ ಸಲ ಬಲಕ್ಕೇ ಸಿಗುತ್ತದೆ. ಕೌಬ್ ಹತ್ತಿರ ನದಿಯ ನಡುಗಡ್ಡೆಯ ಮೇಲೆ ಹಡಗಿನ ಮೂತಿಯ ಹಾಗೆ ಚೂಪಾದ ಬಿಳಿ ಕೋಟೆ ಬರುತ್ತದೆ, ಫಾಲ್ಟ್ಸ್‌ಗ್ರಾಫೆನ್‌ಸ್ಟೈನ್. ಹದಿನಾಲ್ಕನೇ ಶತಮಾನದ ಸುಂಕದ ಕಟ್ಟೆ ಅದು, ಹೋಗಿಬರುವ ಹಡಗುಗಳಿಂದ ವಸೂಲಿ ಮಾಡುತ್ತಿದ್ದರು. ಲೋರೆಲೈ ಬಂಡೆ ಹೆಸರಿಗೆ ದೊಡ್ಡದು, ನೀರಿನಿಂದ 132 ಮೀಟರ್ ಎತ್ತರದ ಕಲ್ಲುಗುಡ್ಡ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಮ್ಮ ಘಾಟಿನಲ್ಲಿ ಬೆಳೆದವರಿಗೆ ಅದರಲ್ಲಿ ಏನೂ ಇಲ್ಲ. ಅದರ ಬುಡದ ಸುರಂಗದ ಬಾಯಿಯನ್ನು ಕೋಟೆ ಬಾಗಿಲ ಹಾಗೆ ಬುರುಜು ಇಟ್ಟು ಕಟ್ಟಿದ್ದಾರೆ, ಅದನ್ನು ನೋಡಿ.

ರಾತ್ರಿ ಈ ಕಣಿವೆಯ ಹಳ್ಳಿಗಳಲ್ಲೇ ತಂಗುತ್ತೇವೆ ಅನ್ನುವವರಿಗೆ ಒಂದು ಮಾತು. ಯುರೋಪಿನ ಗೂಡ್ಸ್ ಸಾಗಾಟದ ಮುಖ್ಯ ದಾರಿ ಇದು. ರಾತ್ರಿಯಿಡೀ ಎರಡೂ ದಂಡೆಯಲ್ಲಿ ಗೂಡ್ಸ್ ಗಾಡಿ. ಮೊದಲ ರಾತ್ರಿ ನಮ್ಮ ಮನೆಯವರು ಎದ್ದು ಕೂತು, "ಏನ್ರೀ, ಡೊಂಬಿವಲಿ ಬಿಟ್ಟು ಇಷ್ಟು ದೂರ ಬಂದರೂ ಇದು ತಪ್ಪಲಿಲ್ಲ ನೋಡ್ರಿ" ಅಂದರು. ನಾನು ಕಿಟಕಿಯಲ್ಲಿ ನಿಂತು ವ್ಯಾಗನ್ ಎಣಿಸುತ್ತಿದ್ದೆ. ನಿದ್ದೆ ಬೇಕಾದವರು ಹಳಿಗೆ ಬೆನ್ನು ಮಾಡಿದ ರೂಮು ಕೇಳಿ, ಇಲ್ಲವೇ ಮೈನ್ಜ್‌ನಲ್ಲೇ ಇರಿ.

ಎರಡನೇ ದಿನ ಕೋಬ್ಲೆನ್ಜ್‌ಗೆ ಹೋಗಿ ಮೋಸೆಲ್ ನದಿಯ ಮಾರ್ಗ ಹಿಡಿದು ಕೋಕೆಮ್ ನೋಡಿ ಬರಬಹುದು. ಊರಿನ ಮೇಲೆ ಕೋಟೆ, ಕೆಳಗೆ ನದಿ, ಊರು ದಾಟಿದ ಕೂಡಲೇ ನಾಲ್ಕು ಕಿಲೋಮೀಟರಿಗೂ ಉದ್ದದ ಸುರಂಗ. ಚೆಂದವೇ, ಆದರೆ ಪ್ರವಾಸಿಗಳ ನೂಕುನುಗ್ಗಲು. ಸಮಯ ಕಡಿಮೆ ಇದ್ದರೆ ಇದನ್ನು ಬಿಟ್ಟು ಒಂದು ದಿನ ಫ್ರೈಬುರ್ಗ್‌ಗೆ ಕೂಡಿಸಿ.

ಏಕೆಂದರೆ ನನ್ನ ಜೀವ ಇರುವುದು ಫ್ರೈಬುರ್ಗ್‌ನ ಹ್ಯೋಲೆನ್‌ಟಾಲ್ ಮಾರ್ಗದಲ್ಲಿ. ಕರ್ಜತ್‌ನಲ್ಲಿ ಗಾಡಿಯ ಹಿಂದೆ ಬ್ಯಾಂಕರ್ ಎಂಜಿನ್ ಕಟ್ಟಿ ಬೋರ್ ಘಾಟ್ ಏರಿಸುವುದನ್ನು ನೀವು ನೋಡಿರುತ್ತೀರಿ. ಅಲ್ಲಿಯ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಹ್ಯೋಲೆನ್‌ಟಾಲ್‌ನಲ್ಲಿ ಹಿರ್ಷ್‌ಸ್ಪ್ರುಂಗ್‌ನಿಂದ ಹಿಂಟರ್‌ಜಾರ್ಟೆನ್‌ಗೆ ಏರುವ ತುಂಡು ಹೆಚ್ಚುಕಡಿಮೆ 18ಕ್ಕೆ 1. ನಮ್ಮ ಘಾಟಿನ ಎರಡು ಪಾಲು ಕಡಿದು! 1887ರಲ್ಲಿ ಮಾರ್ಗ ತೆರೆದಾಗ ಇಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇತ್ತು, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಏರುತ್ತಿತ್ತು. 1933ರಲ್ಲಿ ಅದನ್ನು ಬಿಟ್ಟರು. ಈಗ ಮಾಮೂಲಿ ಎಸ್-ಬಾನ್ ಗಾಡಿ, ಹಿಂದೆ ತಳ್ಳುವವರಿಲ್ಲದೆ, ತಾನೇ ಏರುತ್ತದೆ. ಫ್ರೈಬುರ್ಗ್‌ನಿಂದ ಟಿಟಿಸೇ ಮುಟ್ಟಲು ಮುಕ್ಕಾಲು ತಾಸಿನ ಒಳಗೆ. ಮೊದಲು ಹುಲ್ಲುಗಾವಲು, ದನ, ಹೆಂಚಿನ ಮನೆ. ಇದ್ದಕ್ಕಿದ್ದಂತೆ ಎರಡೂ ಕಡೆ ಬಂಡೆ ಒತ್ತಿಬರುತ್ತದೆ, ಸುರಂಗ, ಬೆಳಕು, ಸುರಂಗ. ಕಿವಿ ಕಟ್ಟುತ್ತದೆ. ಮೋಟಾರಿನ ಸದ್ದು ಬದಲಾಗುವ ಕಡೆ ಕಿವಿಗೊಟ್ಟು ಕೂತರೆ ಏರು ಶುರುವಾದದ್ದು ಕಣ್ಣಿಗಿಂತ ಮೊದಲು ಗೊತ್ತಾಗುತ್ತದೆ.

ತಂತಿಯವನಾದ್ದರಿಂದ ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. 1936ರಲ್ಲಿ ಜರ್ಮನರು ಈ ಮಾರ್ಗದಲ್ಲಿ ಒಂದು ಪ್ರಯೋಗ ಮಾಡಿದರು: ರೈಲಿಗೆಂದೇ ಬೇರೆ ಆವರ್ತನದ ಕರೆಂಟು ಹುಟ್ಟಿಸುವ ಬದಲು, ಊರಿಗೆ ಬರುವ 50 ಹರ್ಟ್ಸ್ ಕರೆಂಟನ್ನೇ 20,000 ವೋಲ್ಟ್‌ನಲ್ಲಿ ತಂತಿಗೆ ಕೊಡುವುದು. ಯುದ್ಧ ಮುಗಿದ ಮೇಲೆ ಈ ಭಾಗ ಫ್ರೆಂಚರ ಕೈಗೆ ಬಂತು. ಅವರ ಎಂಜಿನಿಯರರು ಇದನ್ನು ಅಭ್ಯಾಸ ಮಾಡಿ ತಮ್ಮ ದೇಶದಲ್ಲಿ 25,000 ವೋಲ್ಟ್‌ಗೆ ಬೆಳೆಸಿದರು. ಐವತ್ತರ ದಶಕದಲ್ಲಿ ಭಾರತ ಆಯ್ದುಕೊಂಡದ್ದು ಆ ಫ್ರೆಂಚ್ ಪದ್ಧತಿಯನ್ನೇ. 1925ರಲ್ಲಿ 1500 ವೋಲ್ಟ್ ಡಿಸಿಯಲ್ಲಿ ಶುರುವಾದ ನಮ್ಮ ಮುಂಬಯಿ ಲೋಕಲ್ ಇವತ್ತು ಓಡುವುದು ಆ 25,000 ವೋಲ್ಟ್ ಪದ್ಧತಿಯಲ್ಲೇ. ತಮಾಷೆಯೆಂದರೆ ಹ್ಯೋಲೆನ್‌ಟಾಲ್ 1960ರಲ್ಲಿ ಜರ್ಮನಿಯ ಉಳಿದೆಡೆಯ 15,000 ವೋಲ್ಟ್ ಪದ್ಧತಿಗೆ ಬದಲಾಯಿತು.

ಹಿಂಟರ್‌ಜಾರ್ಟೆನ್‌ಗೆ ಸ್ವಲ್ಪ ಮೊದಲು ಗಾಡಿ ರಾವೆನ್ನಾ ಸೇತುವೆ ದಾಟುತ್ತದೆ. 1927ರ ಕಲ್ಲಿನ ಕಮಾನು ಸೇತುವೆ, ಎತ್ತರ 36 ಮೀಟರ್ ಹತ್ತಿರ. ಒಳಗೆ ಕೂತವರಿಗೆ ಸೇತುವೆ ಕಾಣದು. ನೋಡಬೇಕಾದರೆ ಹಿಂಟರ್‌ಜಾರ್ಟೆನ್‌ನಲ್ಲಿ ಇಳಿದು ಕಾಡಿನ ಕಾಲುದಾರಿಯಲ್ಲಿ ಕೊರಕಲಿಗೆ ಇಳಿಯಿರಿ, ಹಿಡಿತದ ಬೂಟು ಇರಲಿ.

ಫ್ರೈಬುರ್ಗ್‌ನಿಂದ ಒಂದು ದಿನದ ದೊಡ್ಡ ಸುತ್ತು ಹೀಗೆ. ಎಸ್10 ಹತ್ತಿದರೆ ಟಿಟಿಸೇ, ನೊಯ್‌ಸ್ಟಾಟ್ ದಾಟಿ ಡೋನೌಎಶಿಂಗೆನ್. ಇಲ್ಲಿ ಇಳಿದು ಅರಮನೆಯ ಹತ್ತಿರದ ದುಂಡು ಕಲ್ಲುಕೊಳ ನೋಡಿ, ಡಾನ್ಯೂಬ್ ನದಿಯ ಮೂಲ ಅಂತ ಊರವರು ತೋರಿಸುವುದು ಅದನ್ನು. ನದಿ ಇಲ್ಲಿಂದ ಕಪ್ಪು ಸಮುದ್ರದ ತನಕ ಸುಮಾರು 2,850 ಕಿಲೋಮೀಟರ್ ಹರಿಯುತ್ತದೆ. ಜನ ಕೊಳಕ್ಕೆ ನಾಣ್ಯ ಹಾಕುತ್ತಾರೆ. ಮೂಲ ನಮ್ಮದು ಅಂತ ಪಕ್ಕದ ಫುರ್ಟ್‌ವಾಂಗೆನ್‌ನವರ ತಕರಾರೂ ಇದೆ, ಅದು ಅವರವರ ಪಂಚಾಯ್ತಿ. ಮತ್ತೆ ಗಾಡಿ ಹತ್ತಿ ಫಿಲಿಂಗೆನ್ ಮೇಲಾಗಿ ಓಫೆನ್‌ಬುರ್ಗ್ ಕಡೆ ಇಳಿಯುವ ಶ್ವಾರ್ಟ್ಸ್‌ವಾಲ್ಡ್‌ಬಾನ್ ಹಿಡಿಯಿರಿ. ರೋಬರ್ಟ್ ಗೆರ್ವಿಗ್ ಎಂಬ ಎಂಜಿನಿಯರ್ ಕಟ್ಟಿದ ಈ ಮಾರ್ಗ 1873ರಲ್ಲಿ ಮುಗಿಯಿತು, ನಮ್ಮ ಬೋರ್ ಘಾಟ್ ಮಾರ್ಗ ತೆರೆದು ಹತ್ತು ವರ್ಷಕ್ಕೆ. ಎತ್ತರ ಗಳಿಸಲು ನಮ್ಮಲ್ಲಿ ಗಾಡಿಯನ್ನು ಹಿಂದುಮುಂದು ಮಾಡುವ ರಿವರ್ಸಿಂಗ್ ಸ್ಟೇಷನ್ ಇಟ್ಟಿದ್ದರು. ಗೆರ್ವಿಗ್ ಅದನ್ನು ತಪ್ಪಿಸಿ ಬೆಟ್ಟದ ಮೈಮೇಲೆ ಹಳಿಯನ್ನು ಕುಣಿಕೆ ಕುಣಿಕೆಯಾಗಿ ಸುತ್ತಿಸಿದ. ಸಾಂಕ್ಟ್ ಗೆಯೋರ್ಗೆನ್‌ನಿಂದ ಹೋರ್ನ್‌ಬೆರ್ಗ್ ಕಾಗೆ ಹಾರಿದರೆ 11 ಕಿಲೋಮೀಟರ್, ಹಳಿಯ ಮೇಲೆ 26. ಆಗಲೇ ದಾಟಿ ಬಂದ ಹಳಿ ಮೇಲ್ಗಡೆ ಕಾಣುತ್ತದೆ, ಇನ್ನು ದಾಟಬೇಕಾದದ್ದು ಕೆಳಗೆ. ತಿರುವು ಹೆಚ್ಚಿರುವುದರಿಂದ ಯಾವ ಕಡೆ ಕೂತರೂ ನಡೆದೀತು. ನಡುವೆ ಟ್ರೀಬೆರ್ಗ್‌ನಲ್ಲಿ ಜಲಪಾತಕ್ಕೆ ದುಡ್ಡು ಕೊಟ್ಟು ಹೋಗಬೇಕೇ ಅಂತ ಕೇಳಿದರೆ, ಮಳೆಗಾಲದಲ್ಲಿ ದೂಧಸಾಗರ ನೋಡಿದವರಿಗೆ ಬೇಡ ಅನ್ನುತ್ತೇನೆ. ಓಫೆನ್‌ಬುರ್ಗ್‌ನಿಂದ ಫ್ರೈಬುರ್ಗ್‌ಗೆ ವಾಪಸು. ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಊಟದ ಹೊತ್ತು, ಕೊಳ, ಕಾಫಿ ಎಲ್ಲ ಸೇರಿ ಸಂಜೆಗೆ ರೂಮು.

ಈ ಕಡೆ ಕೆಲವು ಗಾಡಿಗಳು ನಡುದಾರಿಯಲ್ಲಿ ಎರಡಾಗುತ್ತವೆ: ಮುಂದಿನ ತುಂಡು ಒಂದು ಊರಿಗೆ, ಹಿಂದಿನದು ಇನ್ನೊಂದಕ್ಕೆ. ಹತ್ತುವ ಮೊದಲು ಆ ಡಬ್ಬಿಯ ಮೇಲಿನ ಬೋರ್ಡಿನಲ್ಲಿ ಯಾವ ಊರಿದೆ ಅಂತ ಓದಿ. ಫ್ರೈಬುರ್ಗ್ ಬದಲು ಕಪ್ಪು ಕಾಡಿನ ಹಳ್ಳಿಯಲ್ಲೇ ತಂಗುವವರು ಕೋನುಸ್ ಕಾರ್ಡ್ ಕೊಡುತ್ತೀರಾ ಅಂತ ಮೊದಲೇ ಕೇಳಿ. ಅನೇಕ ಹಳ್ಳಿಗಳಲ್ಲಿ ತಂಗುವವರಿಗೆ ಅದು ಸಿಗುತ್ತದೆ, ಆ ಭಾಗದ ರೈಲು ಬಸ್ಸು ಪುಕ್ಕಟೆ.

ಹೊಟ್ಟೆಯ ವಿಷಯ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ಒಯ್ಯುವ ಹಾಗಿಲ್ಲ. ಧಾರವಾಡ ಪೇಡೆ, ಕುಂದಾ ಮನೆಯಲ್ಲೇ ಬಿಡಿ. ಹಸಿ ಕರಿಬೇವೂ ಬೇಡ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ ಒಯ್ಯಿರಿ. ಗಾಡಿಯಲ್ಲಿ ಕೂತು ಬುತ್ತಿ ಬಿಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಸಿಗುವುದರಲ್ಲಿ ಚೀಸ್ ಹಾಕಿದ ಕೇಸೆಸ್ಪೇಟ್ಸ್ಲೆಯಲ್ಲಿ ಮೊಟ್ಟೆ ಇರುತ್ತದೆ, ತೆಳು ರೊಟ್ಟಿಯಂಥ ಫ್ಲಾಮ್‌ಕೂಹೆನ್ ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ, ಬ್ರೆಜೆಲ್‌ಗೂ ಕೆಲವೆಡೆ ಹಂದಿಕೊಬ್ಬು ಹಾಕುತ್ತಾರೆ. ಕೇಳಿಯೇ ತಿನ್ನಿ. ಆಲೂಗಡ್ಡೆ ತುರಿದು ಕರಿದ ಕಾರ್ಟೋಫೆಲ್‌ಪುಫರ್‌ಗೂ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ, ಜೊತೆಗೆ ಸೇಬಿನ ಗೊಜ್ಜು ಕೊಡುತ್ತಾರೆ. ಮೊಟ್ಟೆ ತಿನ್ನುವವರಿಗೆ ಅದು ಹಿಡಿಸುತ್ತದೆ. ಭಾನುವಾರ ಅಂಗಡಿಗಳೆಲ್ಲ ಬಂದ್, ದೊಡ್ಡ ಸ್ಟೇಷನ್ನಿನೊಳಗಿನವು ಮಾತ್ರ ತೆರೆದಿರುತ್ತವೆ. ನಲ್ಲಿ ನೀರು ಕುಡಿಯಬಹುದು. ನೀರಿನ ಬಾಟಲಿ ಕೊಂಡರೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ, ಖಾಲಿ ಬಾಟಲಿ ಸೂಪರ್‌ಮಾರ್ಕೆಟಿನ ಯಂತ್ರಕ್ಕೆ ಕೊಟ್ಟು ವಾಪಸು ಪಡೆಯಿರಿ. ಸ್ಟೇಷನ್ ಶೌಚಾಲಯಕ್ಕೆ ಚಿಲ್ಲರೆ ಬೇಕು, ಗಾಡಿಯೊಳಗಿನದು ಪುಕ್ಕಟೆ.

ವಾಪಸು ಬರುವ ದಿನ ಫ್ರೈಬುರ್ಗ್‌ನಿಂದ ವಿಮಾನ ನಿಲ್ದಾಣಕ್ಕೆ ನೇರ ಐಸಿಇ ಇದೆ, ಎರಡು ತಾಸು ಚಿಲ್ಲರೆ. ಮೇಲೆ ಹೇಳಿದ ಆ ಶೇಕಡಾವಾರು ಲೆಕ್ಕ ಕೆಲಸಕ್ಕೆ ಬರುವುದು ಇಲ್ಲೇ. ವಿಮಾನ ಸಂಜೆಯದಾದರೆ ಬೇಕಾದ ಗಾಡಿಗಿಂತ ಎರಡು ಗಾಡಿ ಮುಂಚಿನದನ್ನು ಹಿಡಿಯಿರಿ. ಮಧ್ಯಾಹ್ನದ್ದಾದರೆ ಕೊನೆಯ ರಾತ್ರಿಗೆ ಮೈನ್ಜ್‌ಗೇ ಬಂದುಬಿಡಿ, ಬೆಳಿಗ್ಗೆ ಎಸ್8 ತಪ್ಪಿದರೂ ಹಿಂದೆಯೇ ಇನ್ನೊಂದು ಬರುತ್ತದೆ.